ಗೃಹಸ್ಥರ ಯಂತ್ರವಿಚಾರ: ತಣ್ಣಗಾದ ಬಿಸಿಯಾಸನ

ಹುಣಸೂರಿನ ಗೃಹಸ್ಥರೊಬ್ಬರು ಈ ವಿಭಾಗಕ್ಕೆ ಒಂದು ಕಾಗದವನ್ನು ಬರೆದಿರುವರು. ಅದರ ಸಾರಾಂಶವಿದು:

"ನಮ್ಮ ತೀರ್ಥರೂಪರವರಿಗೆ ಎಪ್ಪತ್ತನಾಲ್ಕು ವರ್ಷ. ಬಹುಕಾಲದಿಂದ ಸಕ್ಕರೆ ಕಾಯಿಲೆಯಿದೆ, ಸೊಂಟನೋವೂ ಉಂಟು. ತಿಂಗಳಿಗೆರಡು ಬಾರಿ ಬೆಳಗಿನ ಜಾವದಲ್ಲಿಯೇ ಹೊರಟು ಅವರನ್ನು ಮೈಸೂರಿನ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಕಳೆದ ವರ್ಷ ಒಬ್ಬರು ಬಳಸಿದ್ದ ಕಾರೊಂದನ್ನು ಕೊಂಡೆವು. ಅದರ ಮುಂದಿನ ಎರಡು ಆಸನಗಳೂ ವಿದ್ಯುತ್ತಿನಿಂದ ಬೆಚ್ಚಗಾಗುವಂಥವು. ತಂದೆಯವರಿಗೆ ಅದು ಬಹಳ ಹಿತವಾಗಿದ್ದಿತು. ಈ ಮಾರ್ಗಶಿರದಲ್ಲಿ ಅವರು ಕುಳಿತುಕೊಳ್ಳುವ ಆಸನವು ತಣ್ಣಗಾಗಿಬಿಟ್ಟಿತು. ರಿಪೇರಿಯವನೊಬ್ಬನು, 'ಫ್ಯೂಸು ಸುಟ್ಟಿದೆ. ದೊಡ್ಡ ಫ್ಯೂಸನ್ನೇ ಹಾಕಿಬಿಡೋಣ, ಮತ್ತೆ ಸುಡುವುದಿಲ್ಲ' ಎನ್ನುತ್ತಾನೆ. ಹಾಗೆ ಮಾಡಿಸಬಹುದೆ?"

ಸರ್ವಥಾ ಮಾಡಿಸಕೂಡದು. ಏಕೆ ಕೂಡದೆಂಬುದನ್ನೂ, ಮಾಡತಕ್ಕದ್ದು ಏನೆಂಬುದನ್ನೂ ಕ್ರಮವಾಗಿ ಹೇಳುವೆವು. ಇಂತಹ ಆಸನಗಳುಳ್ಳ ಕಾರು ನಮ್ಮ ಕಡೆ ವಿರಳವೇ ಆದರೂ, ಕಾರಿನಲ್ಲಿ ಸಿಗರೇಟು ಹಚ್ಚುವ ಸಾಕೆಟ್ಟಿಗೆ ಸಿಕ್ಕಿಸಿ ಬಳಸುವ ಬಿಸಿದಿಂಬುಗಳು ಈಗ ಸುಲಭವಾಗಿ ದೊರೆಯುತ್ತವೆ. ಶೀತದೇಶಗಳಲ್ಲಿ ನೆಲಸಿರುವ ನಮ್ಮವರ ಮನೆಗಳಲ್ಲಂತೂ ಇದು ನಿತ್ಯದ ಸಂಗತಿ. ಆದಕಾರಣ ಉತ್ತರವು ಒಬ್ಬರಿಗೆ ಮಾತ್ರವಲ್ಲ.

ಮೊದಲು ಈ ಆಸನದ ಮರ್ಮವನ್ನು ತಿಳಿಯೋಣ. ತಂತಿಯಲ್ಲಿ ವಿದ್ಯುತ್ತು ಹರಿದಾಗ ಶಾಖವು ಹುಟ್ಟುವುದೆಂಬುದನ್ನೂ, ಪ್ರವಾಹವು ಇಮ್ಮಡಿಯಾದರೆ ಶಾಖವು ನಾಲ್ಕು ಮಡಿಯಾಗುವುದೆಂಬುದನ್ನೂ ಇಂಗ್ಲೆಂಡಿನ ಜೌಲನು 1841ರಲ್ಲಿ ಪ್ರಕಟಪಡಿಸಿದನು. ನಮ್ಮ ಮನೆಯ ಇಸ್ತ್ರಿಪೆಟ್ಟಿಗೆಯೂ ಈ ಆಸನವೂ ಆ ಒಂದೇ ನಿಯಮದ ಮಕ್ಕಳು. 1966ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ ಇಂತಹ ಆಸನವು ಬೇಕೆಂದವರಿಗೆ ದೊರೆಯಲಾರಂಭಿಸಿತು. ಹೊದಿಕೆಯ ಕೆಳಗೆ ಸಣ್ಣ ತಂತಿಯನ್ನೋ ಇಂಗಾಲದ ಎಳೆಯನ್ನೋ ಹಾವಿನಂತೆ ಸುತ್ತಿಸುತ್ತಿ ಹಾಸಿರುತ್ತಾರೆ; ಕೂರುವ ಭಾಗಕ್ಕೊಂದು, ಬೆನ್ನಿಗೊಂದು. ಕಾವು ಮಿತಿಮೀರದಂತೆ ನೋಡಿಕೊಳ್ಳಲು ಒಳಗೆ ಒಂದು ಸಣ್ಣ ಉಷ್ಣಮಾಪಕವಿರುತ್ತದೆ. 12 ವೋಲ್ಟಿನ ಬ್ಯಾಟರಿಯಿಂದ 60 ವಾಟಿನ ಆಸನಕ್ಕೆ 5 ಆಂಪಿಯರ್ ಪ್ರವಾಹವು ಹರಿಯಬೇಕು. ಮನೆಯ 230 ವೋಲ್ಟಿನಲ್ಲಿ ಅಷ್ಟೇ ವಾಟಿನ ದೀಪಕ್ಕೆ ಕಾಲು ಆಂಪಿಯರಿಗಿಂತ ಸ್ವಲ್ಪ ಹೆಚ್ಚು ಸಾಕು. ವೋಲ್ಟು ಕಡಮೆಯೆಂದು ಕಾರಿನ ತಂತಿಯನ್ನು ಉದಾಸೀನ ಮಾಡುವವರು ಈ ಲೆಕ್ಕವನ್ನು ಮರೆಯಬಾರದು. ಮೈಗೆ ಧಕ್ಕೆ ಹೊಡೆಯದ ವಿದ್ಯುತ್ತು ಬೆಂಕಿಯನ್ನು ಹೊತ್ತಿಸಲಾರದೆಂದು ತಿಳಿಯುವುದು ತಪ್ಪು.

ಇನ್ನು ಪರೀಕ್ಷೆಯ ಕ್ರಮ. ಅನೇಕ ಕಾರುಗಳಲ್ಲಿ ಎಂಜಿನ್ನು ಓಡುತ್ತಿದ್ದಾಗ ಮಾತ್ರ ಆಸನವು ಕಾಯುತ್ತದೆ. ಬ್ಯಾಟರಿಯು ಸೊರಗಿದ್ದರೆ ಕಾರೇ ಅದನ್ನು ತಾನಾಗಿ ನಿಲ್ಲಿಸುವುದೂ ಉಂಟು. ಆದ್ದರಿಂದ ಎಂಜಿನ್ನನ್ನು ಚಾಲೂ ಮಾಡಿ, ಐದು ನಿಮಿಷ ಕಾದು ನೋಡತಕ್ಕದ್ದು. ಸ್ವಿಚ್ಚಿನ ದೀಪವು ಹತ್ತಿ ಕೂಡಲೇ ಆರಿದರೆ, ಎಲ್ಲಿಯೋ ದೋಷವನ್ನು ಕಂಡು ಯಂತ್ರವು ತಾನೇ ಹಿಂಜರಿದಿದೆಯೆಂದು ಅರ್ಥ. ಎರಡು ಆಸನಗಳೂ ತಣ್ಣಗಿದ್ದರೆ ಎರಡಕ್ಕೂ ಸೇರಿದ ಫ್ಯೂಸಿನಲ್ಲೋ ರಿಲೇಯಲ್ಲೋ ದೋಷವನ್ನು ಹುಡುಕಬೇಕು. ಒಂದು ಮಾತ್ರ ತಣ್ಣಗಿದ್ದರೆ ಆ ಆಸನದ ಸ್ವಿಚ್ಚು, ಅದರದೇ ಫ್ಯೂಸು, ತಂತಿ ಇವುಗಳನ್ನು ನೋಡಬೇಕು. ಕೂರುವ ಭಾಗವು ಬೆಚ್ಚಗಾಗಿ ಬೆನ್ನು ಮಾತ್ರ ತಣ್ಣಗಿದ್ದರೆ ಬೆನ್ನಿನ ಎಳೆಯೇ ತುಂಡಾಗಿರುವ ಸಂಭವ ಹೆಚ್ಚು.

ಫ್ಯೂಸು ಎಲ್ಲಿದೆ, ಎಷ್ಟು ಆಂಪಿಯರಿನದು ಎಂಬುದು ಕಾರಿನ ಕೈಪಿಡಿಯಲ್ಲಿಯೂ ಬಹುಮಟ್ಟಿಗೆ ಫ್ಯೂಸುಪೆಟ್ಟಿಗೆಯ ಮುಚ್ಚಳದ ಮೇಲೆಯೂ ಇರುತ್ತದೆ. ಈಗಿನ ಚಪ್ಪಟೆ ಫ್ಯೂಸುಗಳಿಗೆ ಬಣ್ಣದ ಗುರುತುಂಟು: 10 ಆಂಪಿಯರಿಗೆ ಕೆಂಪು, 15ಕ್ಕೆ ನೀಲಿ, 20ಕ್ಕೆ ಹಳದಿ, 30ಕ್ಕೆ ಹಸಿರು. ಸುಟ್ಟಿರುವುದು ಎಷ್ಟರದೋ ಅಷ್ಟರದನ್ನೇ ಒಂದು ಸಲ ಹಾಕಿ ನೋಡಬಹುದು. ಅದೂ ಸುಟ್ಟರೆ ಅಲ್ಲಿಗೆ ನಿಲ್ಲಿಸತಕ್ಕದ್ದು, ಮೂರನೆಯದನ್ನು ಹಾಕಕೂಡದು.

ಫ್ಯೂಸು ಆಸನವನ್ನು ಕಾಯಿಸುವುದಕ್ಕಾಗಿ ಇರುವುದಲ್ಲ. ತಂತಿಯನ್ನು ಕಾಯುವುದಕ್ಕಾಗಿ ಇರುವುದು. ತಂತಿಯು ತಾಳಬಲ್ಲಷ್ಟಕ್ಕಿಂತ ಹೆಚ್ಚಿನ ಪ್ರವಾಹ ಬಂದಾಗ ತಾನು ಸತ್ತು ತಂತಿಯನ್ನು ಉಳಿಸುವ ಕಾವಲುಗಾರನದು. ಹದಿನೈದರ ಸ್ಥಳದಲ್ಲಿ ಮೂವತ್ತರದನ್ನು ಹಾಕಿದರೆ ಎರಡರಷ್ಟು ಪ್ರವಾಹಕ್ಕೆ ಬಾಗಿಲು ತೆರೆದಂತಾಯಿತು. ಜೌಲನ ಲೆಕ್ಕದಂತೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕರಷ್ಟಾಗಬಹುದು. ಆಗ ಸುಡುವುದು ಫ್ಯೂಸಲ್ಲ, ತಂತಿ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ರೈತರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ಎಲೆಯನ್ನು ಸುಮಾರು 35 ಡಿಗ್ರಿಯಿಂದ ಮೊದಲ್ಗೊಂಡು 70ರವರೆಗೆ ದಿನಗಟ್ಟಲೆ ಮೆಲ್ಲಮೆಲ್ಲನೆ ಏರಿಸುತ್ತ, ರಾತ್ರಿಯೆಲ್ಲ ಎದ್ದು ಉಷ್ಣಮಾಪಕವನ್ನು ನೋಡುವವನುಂಟಷ್ಟೆ? ನಿದ್ರೆಗೆ ಅಡ್ಡಿಯಾಯಿತೆಂದು ಅವನನ್ನು ಮನೆಗೆ ಕಳುಹಿಸಿ ಒಲೆಗೆ ಇನ್ನಷ್ಟು ಸೌದೆಯನ್ನು ತುಂಬುವವರುಂಟೆ? ದೊಡ್ಡ ಫ್ಯೂಸನ್ನು ಹಾಕುವುದು ಅದೇ ಕೆಲಸ.

ಹಾಗಾದರೆ ಫ್ಯೂಸು ಸುಟ್ಟಿದ್ದೇಕೆ? ಆಸನವನ್ನು ಹಿಂದೆ ಮುಂದೆ ಸರಿಸುವಾಗ ತಂತಿಯು ಕೆಳಗಿನ ಕಂಬಿಗೆ ಸಿಕ್ಕಿ ಸುಲಿದಿರಬಹುದು. ಚೆಲ್ಲಿದ ಕಾಫಿಯೋ ನೆನೆದ ಕೊಡೆಯ ನೀರೋ ಜೋಡಣೆಯೊಳಕ್ಕೆ ಇಳಿದಿರಬಹುದು. ನಮ್ಮ ಕಡೆ ಮುಖ್ಯವಾಗಿ ಶಂಕಿಸಬೇಕಾದುದು ಇಲಿ: ದವಸದ ಮನೆಯ ಪಕ್ಕದಲ್ಲಿ ರಾತ್ರಿ ನಿಲ್ಲುವ ಕಾರಿನ ತಂತಿ ಅದಕ್ಕೆ ಮೃಷ್ಟಾನ್ನ. ಇನ್ನು ಫ್ಯೂಸು ಚೆನ್ನಾಗಿದ್ದೂ ಆಸನವು ಕಾಯದಿದ್ದರೆ, ಎಳೆಯು ತುಂಡಾಗಿರಬೇಕು. ಮಕ್ಕಳು ಆಸನದ ಮೇಲೆ ನಿಂತು ಕುಣಿಯುವುದು, ಹಿಂದಿನ ಸಾಮಾನನ್ನು ತೆಗೆಯಲು ದೊಡ್ಡವರು ಮಂಡಿಯೂರುವುದು, ಅಕ್ಕಿಯ ಮೂಟೆಯನ್ನು ಮುಂದಿನ ಆಸನದಲ್ಲಿ ಕೂರಿಸಿ ತರುವುದು, ಹೊದಿಕೆಗೆ ಪಿನ್ನು ಚುಚ್ಚುವುದು, ಇವು ಅದಕ್ಕೆ ಕಾರಣಗಳು. ಮೀಟರನ್ನಿಟ್ಟು ಅಳೆದರೆ ಸರಿಯಾದ ಎಳೆಯು ಕೆಲವೇ ಓಮುಗಳ ತಡೆಯನ್ನು ತೋರಿಸುವುದು; ತುಂಡಾಗಿದ್ದರೆ ಮುಳ್ಳಾಗಲಿ ಅಂಕಿಯಾಗಲಿ ಸಂಬಂಧವೇ ಇಲ್ಲವೆಂದು ಹೇಳುವುದು. ತುಂಡಾದ ಎಳೆಯನ್ನು ಹೆಣೆದು ಗಂಟುಹಾಕಿಸಕೂಡದು. ಆ ಗಂಟೇ ಮುಂದೆ ಕೆಂಡದ ಬಿಂದುವಾಗುವುದು. ಹಾಸನ್ನೇ ಬದಲಾಯಿಸತಕ್ಕದ್ದು.

ಈ ಅಳತೆಯನ್ನು ಗೃಹಸ್ಥರು ತಾವೇ ಮಾಡಹೋಗದಿರುವುದು ಲೇಸು. ಆಸನದ ಕೆಳಗೆ ಹಳದಿ ಬಣ್ಣದ ಜೋಡಣೆಗಳಿರುವುದುಂಟು. ಅವು ಅಪಘಾತದಲ್ಲಿ ಉಬ್ಬಿ ಪ್ರಾಣವನ್ನು ಉಳಿಸುವ ಗಾಳಿಚೀಲಕ್ಕೆ ಸೇರಿದವು. ಅವನ್ನು ಮುಟ್ಟಕೂಡದು, ಬಿಚ್ಚಕೂಡದು, ಮೀಟರನ್ನು ತಗುಲಿಸಕೂಡದು. ಬ್ಯಾಟರಿಯ ಸಂಬಂಧವನ್ನು ತಪ್ಪಿಸಿ, ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಕಾದು, ಬಳಿಕ ಕೈಯಿಡಬಲ್ಲ ಅನುಭವಸ್ಥನಿಗೆ ಈ ಕೆಲಸವನ್ನು ಒಪ್ಪಿಸಬೇಕು. ಫ್ಯೂಸನ್ನು ದೊಡ್ಡದು ಮಾಡೋಣವೆನ್ನುವವನು ಆ ಅನುಭವಸ್ಥನಲ್ಲ.

ಇಷ್ಟಕ್ಕೆ ಮುಗಿಸಬಹುದಾಗಿತ್ತು. ಆದರೆ ಕಾಗದದಲ್ಲಿ ಒಂದು ಮಾತಿದೆ. ಅದನ್ನು ಬರೆದವರು ಅಷ್ಟಾಗಿ ಗಮನಿಸಿದಂತಿಲ್ಲ. ತಂದೆಯವರಿಗೆ ಬಹುಕಾಲದಿಂದ ಸಕ್ಕರೆ ಕಾಯಿಲೆ. ಈ ವ್ಯಾಧಿಯು ಬಲಿತಾಗ ನರಗಳು ಮಂದವಾಗಿ, ಅನೇಕರಿಗೆ ಮುಖ್ಯವಾಗಿ ಕಾಲುಗಳಲ್ಲಿ ಬಿಸಿ ನೋವುಗಳ ಅರಿವು ಕುಗ್ಗುತ್ತದೆ. 1947ರಲ್ಲಿ ಅಮೆರಿಕದ ಮಾರಿಟ್ಜ್, ಹೆನ್ರಿಕೆಸ್ ಎಂಬ ವೈದ್ಯವಿಜ್ಞಾನಿಗಳು ಪರೀಕ್ಷಿಸಿ ಕಂಡಂತೆ, 44 ಡಿಗ್ರಿಯ ಕಾವು ಸುಮಾರು ಆರು ಗಂಟೆಗಳಲ್ಲಿ ಚರ್ಮವನ್ನು ಸುಡಬಲ್ಲದು. 49 ಡಿಗ್ರಿಗೆ ಹತ್ತು ನಿಮಿಷಗಳ ಆಸುಪಾಸೇ ಸಾಕು. ನಮಗೆ ನಿಮಗೆ ಅಷ್ಟರೊಳಗೆ ಉರಿ ಹತ್ತಿ ಎದ್ದುಬಿಡುತ್ತೇವೆ. ಅರಿವು ಕುಗ್ಗಿದವರು ಏಳುವುದಿಲ್ಲ. ಹುಣಸೂರಿನಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್; ಒಂದು ಗಂಟೆಯ ಹಾದಿ. ಉಷ್ಣಮಾಪಕವು ಕೆಟ್ಟ ಆಸನದ ಮೇಲೆ ಆ ಒಂದು ಗಂಟೆಯೇ ಹೆಚ್ಚು. "ಬಿಸಿ ಸಾಕೇನಪ್ಪಾ?" ಎಂದು ಮಗನು ಕೇಳಿದರೆ, "ಇನ್ನೂ ಇರಲಿ, ಹಿತವಾಗಿದೆ" ಎಂದೇ ತಂದೆಯವರು ಹೇಳುವರು. ಅವರು ಸುಳ್ಳಾಡುವುದಿಲ್ಲ, ಅವರ ಚರ್ಮವು ಅವರಿಗೆ ನಿಜವನ್ನು ಹೇಳದು.

ಆದಕಾರಣ, ಆಸನವು ಸರಿಯಾದ ಮೇಲೆಯೂ ಮೊದಲು ಮಗನೇ ಅದರಲ್ಲಿ ಅರ್ಧ ಗಂಟೆ ಕುಳಿತು ಪರೀಕ್ಷಿಸತಕ್ಕದ್ದು. ತಂದೆಯವರು ಈ ಬಿಸಿಯನ್ನು ಬಳಸಬಹುದೆ ಎಂದು ಅವರ ವೈದ್ಯರನ್ನು ಕೇಳತಕ್ಕದ್ದು. ಅವರು ಒಪ್ಪಿದರೆ ಅತ್ಯಂತ ಕಡಮೆಯ ಕಾವನ್ನಿಟ್ಟು, ಆಸನ ಬೆಚ್ಚಗಾದೊಡನೆಯೇ ಆರಿಸಿಬಿಡಬೇಕು. ಆಸನದ ಮೇಲೆ ದಪ್ಪ ದಿಂಬನ್ನು ಹಾಕಬಾರದು. ಕಾವು ಅದರಡಿಯಲ್ಲಿ ಸೆರೆಯಾಗಿ ಏರುವುದು. ಊರು ತಲುಪಿದ ಮೇಲೆ ತೊಡೆ, ಸೊಂಟಗಳಲ್ಲಿ ಕೆಂಪು ಕಲೆಗಳಾಗಿವೆಯೇ ಎಂದು ನೋಡಬೇಕು. ಬಿಸಿನೀರಿನ ಚೀಲಕ್ಕೂ ಇದೇ ಎಚ್ಚರಿಕೆ.

ಅಲ್ಲಿಯವರೆಗೆ ಏನು ಮಾಡಬೇಕೆಂದರೆ, ಮನೆಯಲ್ಲಿರುವ ಕಂಬಳಿಯೊಂದನ್ನು ಹೊದೆಯಿಸಿದರಾಯಿತು. ಇಲ್ಲವೆ ಬೈಲಕುಪ್ಪೆಯ ಟಿಬೆಟನ್ನರ ಅಂಗಡಿಯಿಂದ ಒಂದು ಉಣ್ಣೆಯ ಸ್ವೆಟರನ್ನು ತಂದುಕೊಡಬಹುದು. ಕಂಬಳಿಯು ಮೈಯ ಕಾವನ್ನು ಉಳಿಸುವುದೇ ಹೊರತು ತಾನಾಗಿ ಕಾವನ್ನು ಹುಟ್ಟಿಸದು, ಆದ್ದರಿಂದ ಸುಡಲಾರದು. ತಣ್ಣಗಾದ ಆಸನದಿಂದ ತಂದೆಯವರಿಗೆ ಆಗುವುದು ಒಂದು ಗಂಟೆಯ ಚಳಿ ಮಾತ್ರ. ಕಾವಲುಗಾರನನ್ನು ಕಳೆದುಕೊಂಡ ಆಸನದಿಂದ ಆಗಬಹುದಾದ ಕೇಡು ಅಷ್ಟಕ್ಕೆ ನಿಲ್ಲುವುದಿಲ್ಲ. ಸುಟ್ಟ ಫ್ಯೂಸು ತನ್ನ ಕೆಲಸವನ್ನು ಮಾಡಿ ಮುಗಿಸಿದೆ; ಅದು ಸುಟ್ಟ ಕಾರಣವನ್ನು ಹುಡುಕುವುದು ಈಗ ನಮ್ಮ ಕೆಲಸ.