ಕ್ಯಾಮೆರಾ ಮೂಲೆ: ಅದು ಗುಜರಿ ಡಬ್ಬ ಅಲ್ಲ ತಮ್ಮಾ, ಕನ್ನಡಿ ಮನೆ!



ಗಾಂಧಿ ಕ್ಲಾಸಿನಲ್ಲಿ ಕೂತು ನೀವು ಶಿಳ್ಳೆ ಹೊಡೆಯೋದು ಹೀರೋ ಎಂಟ್ರಿಗೆ. ಸರಿ, ಹೊಡೀರಿ. ಆದರೆ ನಿಮ್ಮ ಎದೆ ಝಲ್ ಅನ್ನೋದು ಯಾವಾಗ? ಕುಂಕುಮದ ಭರಣಿ ಉರುಳಿದಾಗ. ಪರದೆ ತುಂಬ ಬರೀ ಒಂದು ಉಂಗುರ ಕಂಡಾಗ. ಕಣ್ಣಂಚಿನಲ್ಲಿ ನಿಂತ ಒಂದೇ ಒಂದು ಹನಿ, ಇನ್ನೇನು ಬೀಳಬೇಕು ಅನ್ನುವಾಗ... ಇಂಥ ಚಿಕ್ಕ ವಸ್ತುವನ್ನು ಪರದೆಯಷ್ಟು ದೊಡ್ಡದು ಮಾಡಿ ತೋರಿಸೋದೇ ಒಂದು ವಿದ್ಯೆ. ಈ ವಾರ ಅದರದ್ದೇ ಮಾತು. ಅದಕ್ಕೆ ಕಾರಣ ಒಂದು ಕಾಗದ.

ಬರೆದವನು ಇಪ್ಪತ್ತೆರಡರ ಹುಡುಗ. ಹೆಸರು, ಊರು ಬೇಡ. ಅವನ ತಂದೆ ಸಣ್ಣ ಪಟ್ಟಣದಲ್ಲಿ ಸ್ಟುಡಿಯೋ ಇಟ್ಟಿದ್ದರು, ಹೋದ ವರ್ಷ ತೀರಿಕೊಂಡರು. ಬೀರುವಿನಲ್ಲಿ ಸಿಕ್ಕಿದ್ದು ಒಂದು ಲೈಕಾ ಎಂ-3, ಒಂದು 50 ಎಂಎಂ ಲೆನ್ಸು, ಭಾರದ ಒಂದು ಕಪ್ಪು ಡಬ್ಬ, ಒಂದು ಕೊಳವೆ, ಮತ್ತೆ 'ಎಲ್ಮಾರ್ 65' ಅಂತ ಬರೆದ ಇನ್ನೊಂದು ಲೆನ್ಸು. ತಂಗಿಯ ಕಾಲೇಜು ಫೀಸು ಕಟ್ಟಬೇಕು. ನೋಡಲು ಬಂದ ದಲ್ಲಾಳಿ ಹೇಳಿದನಂತೆ: 'ಕ್ಯಾಮೆರಾಗೆ ಮಾತ್ರ ದುಡ್ಡು. ಈ ಲೆನ್ಸು ಅರ್ಧ ಮುರಿದದ್ದು, ಫೋಕಸ್ ಮಾಡೋ ರಿಂಗೇ ಇಲ್ಲ. ಡಬ್ಬ ಗುಜರಿ. ಬೇಕಾದ್ರೆ ಸುಮ್ಮನೆ ತಗೊಂಡು ಹೋಗ್ತೀನಿ.' ಹುಡುಗ ಕೇಳಿದ್ದಾನೆ: 'ಅಣ್ಣಾ, ಕೊಟ್ಟುಬಿಡ್ಲಾ?'

ತಡಿ ತಮ್ಮಾ, ಒಂದು ನಿಮಿಷ ತಡಿ. ಅಪ್ಪ ಬಿಟ್ಟು ಹೋದದ್ದು ಏನು ಅಂತ ಮೊದಲು ತಿಳಿದುಕೋ.

ಎಂ-3 ಅನ್ನೋದು 1954ರಲ್ಲಿ ಬಂದ ರೇಂಜ್‌ಫೈಂಡರ್ ಕ್ಯಾಮೆರಾ. ಇದರಲ್ಲಿ ನಿನ್ನ ಕಣ್ಣು ನೋಡೋದು ಮೂಲೆಯ ಕಿಟಕಿಯಿಂದ, ಫಿಲ್ಮು ನೋಡೋದು ಲೆನ್ಸಿನಿಂದ. ಹತ್ತು ಅಡಿ ದೂರದಲ್ಲಿ ಹೀರೋ ನಿಂತಿದ್ದರೆ ಈ ವ್ಯತ್ಯಾಸ ಲೆಕ್ಕಕ್ಕೇ ಬರಲ್ಲ. ಹತ್ತಿರ ಹೋದಂತೆ ಎಡವಟ್ಟು ಶುರು. ಮೂಗಿನ ಮುಂದೆ ಬೆರಳು ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡು, ಬೆರಳು ಆ ಕಡೆ ಈ ಕಡೆ ನೆಗೆಯುತ್ತೆ. ಕ್ಯಾಮೆರಾದಲ್ಲೂ ಅದೇ ಕಥೆ. ಕಿಟಕಿಯಲ್ಲಿ ಉಂಗುರ ನಡುಮಧ್ಯೆ, ಫಿಲ್ಮಿನಲ್ಲಿ ಉಂಗುರವೇ ನಾಪತ್ತೆ! ಇದಕ್ಕೇ ಈ ಜಾತಿಯ ಲೆನ್ಸುಗಳು ಸಾಮಾನ್ಯವಾಗಿ ಒಂದು ಮೀಟರ್, ಇಲ್ಲವೇ 70 ಸೆಂಟಿಮೀಟರಿಗೆ ನಿಂತುಬಿಡುತ್ತವೆ. ಅದಕ್ಕಿಂತ ಹತ್ತಿರ ಬಾ ಅಂದ್ರೆ ಬರಲ್ಲ.

ಸಿನಿಮಾ ಕ್ಯಾಮೆರಾದವರಿಗೂ ಇದೇ ತಲೆನೋವಿತ್ತು. ಹಾಲಿವುಡ್‌ನ ದೊಡ್ಡ ಮಿಚೆಲ್ ಕ್ಯಾಮೆರಾದಲ್ಲಿ ಶಾಟ್ ನಡೆಯುವಾಗ ನೋಡೋದು ಪಕ್ಕದ ಫೈಂಡರಿನಲ್ಲಿ. ಲೆನ್ಸಿನ ಮೂಲಕವೇ ನೋಡಬೇಕು ಅಂದ್ರೆ ಕ್ಯಾಮೆರಾದ ಒಡಲನ್ನೇ ಪಕ್ಕಕ್ಕೆ ಸರಿಸಿ, ನೋಡಿ, ಮತ್ತೆ ಜಾಗಕ್ಕೆ ತಂದು ಓಡಿಸಬೇಕು. 1937ರಲ್ಲಿ ಜರ್ಮನಿಯ ಆರಿ ಕಂಪನಿ ಆರಿಫ್ಲೆಕ್ಸ್ 35 ತಂದಿತು. ತಿರುಗುವ ಶಟರಿಗೇ ಕನ್ನಡಿ! ಫಿಲ್ಮು ಕಂಡದ್ದನ್ನೇ ಕ್ಯಾಮೆರಾಮನ್ನೂ ಕಂಡ.

ಲೈಕಾಗೂ ಸಿನಿಮಾಗೂ ರಕ್ತಸಂಬಂಧವೇ ಇದೆ ಮಿತ್ರರೇ. ವೆಟ್ಸ್‌ಲಾರ್ ಊರಿನ ಲೈಟ್ಸ್ ಕಾರ್ಖಾನೆಯ ಆಸ್ಕರ್ ಬಾರ್ನಾಕ್ ತನ್ನ ಪುಟ್ಟ ಕ್ಯಾಮೆರಾಗೆ ಹಾಕಿದ್ದು ಸಿನಿಮಾದ 35 ಎಂಎಂ ಫಿಲ್ಮನ್ನೇ. ಸಿನಿಮಾ ಚೌಕಟ್ಟು 18×24 ಮಿಲಿಮೀಟರ್. ಅದನ್ನು ಎರಡುಪಟ್ಟು ಮಾಡಿದ, 24×36 ಆಯಿತು. 1925ರಲ್ಲಿ ಲೈಕಾ ಮಾರುಕಟ್ಟೆಗೆ ಬಂತು. ಇವತ್ತಿನ ಡಿಜಿಟಲ್ ಕ್ಯಾಮೆರಾದವರು 'ಫುಲ್ ಫ್ರೇಮ್' ಅಂತ ಬೀಗುತ್ತಾರಲ್ಲ, ಅದು ಇದೇ ಅಳತೆ.

ಈಗ ಆ ಕಪ್ಪು ಡಬ್ಬಕ್ಕೆ ಬರೋಣ. ಅದರ ಹೆಸರು ವಿಸೋಫ್ಲೆಕ್ಸ್. ಲೈಟ್ಸ್ ಕಂಪನಿ 1930ರ ದಶಕದಲ್ಲೇ ಇಂಥ ಕನ್ನಡಿ ಪೆಟ್ಟಿಗೆ ಮಾಡಿತ್ತು. ವಿಸೋಫ್ಲೆಕ್ಸ್ ಹೆಸರಿನಲ್ಲಿ ಮೂರು ಮಾದರಿ ಬಂದವು, 1980ರ ದಶಕದ ತನಕ ಮಾರಿದರು. ಕೆಲಸ ಸರಳ. ಕ್ಯಾಮೆರಾಗೂ ಲೆನ್ಸಿಗೂ ನಡುವೆ ಡಬ್ಬ ಕೂರುತ್ತೆ. ಒಳಗೆ ಓರೆಯಾಗಿ ನಿಂತ ಕನ್ನಡಿ ಬೆಳಕನ್ನು ಮೇಲಕ್ಕೆ ಎಸೆಯುತ್ತೆ, ಮೇಲಿನ ಮಸುಕು ಗಾಜಿನಲ್ಲಿ ಚಿತ್ರ ಮೂಡುತ್ತೆ. ಡಬ್ಬದ ಕೈ ಕ್ಯಾಮೆರಾದ ಗುಂಡಿಯ ಮೇಲೆ ಕೂತಿರುತ್ತೆ. ಒತ್ತಿದರೆ ಮೊದಲು ಕನ್ನಡಿ ಮೇಲೇಳುತ್ತೆ, ಆಮೇಲೆ ಶಟರ್. ಸೆಟ್ಟಿನಲ್ಲಿ ಸ್ಟಿಲ್ ತೆಗೆಯೋ ನಮ್ಮಂಥವರಿಗೆ ಬರೀ ಲೈಕಾದ ಮೆಲುದನಿ ಇಷ್ಟ, ಸೌಂಡ್ ರೆಕಾರ್ಡಿಸ್ಟ್ ಬೈಯಲ್ಲ. ಡಬ್ಬ ಹಾಕಿದರೆ 'ಟಪ್' ಅಂತ ಸದ್ದು. ಆದರೆ ಉಂಗುರಕ್ಕೆ ಕಿವಿ ಇಲ್ಲವಲ್ಲ!

ಲೆಕ್ಕ ನೋಡಿ, ಇಲ್ಲೇ ಮಜಾ ಇರೋದು. ಡಬ್ಬದ ದಪ್ಪ ಸುಮಾರು 40 ಮಿಲಿಮೀಟರ್. ಅಂದ್ರೆ ಲೆನ್ಸು ಫಿಲ್ಮಿನಿಂದ ಅಷ್ಟು ಮುಂದಕ್ಕೆ ಹೋಯಿತು. 40ನ್ನು 50ರಿಂದ ಭಾಗಿಸಿದರೆ 0.8. ವಸ್ತುವಿನ ಹತ್ತರಲ್ಲಿ ಎಂಟು ಪಾಲು ಗಾತ್ರದ ಚಿತ್ರ ಫಿಲ್ಮಿನ ಮೇಲೆ! ಸುಮಾರು 30×45 ಮಿಲಿಮೀಟರ್ ಜಾಗ ಚೌಕಟ್ಟು ತುಂಬುತ್ತೆ, ಅಂದ್ರೆ ಒಂದು ದೊಡ್ಡ ಅಂಚೆಚೀಟಿಯಷ್ಟು. 90 ಎಂಎಂ ಲೆನ್ಸು ಹಾಕಿದರೆ 54×81, ಒಂದು ಬೆಂಕಿಪೊಟ್ಟಣ ಆರಾಮಾಗಿ ಕೂರುತ್ತೆ.

ಬೆಲೆ ತೆರಬೇಕು ಮಾತ್ರ. ಒಂದು: ಆ 50ರಲ್ಲಿ ಇನ್ನು ದೂರದ್ದು ಯಾವುದೂ ಸ್ಪಷ್ಟ ಬರಲ್ಲ. ಎರಡು: ಬೆಳಕು ಸೋರುತ್ತೆ. ಕೈಮೀಟರ್ ಹೇಳಿದ್ದಕ್ಕಿಂತ ಮೂರುಪಟ್ಟು ಹೆಚ್ಚು ಕೊಡಬೇಕು. ಮೂರು: ಎಫ್-8ರಲ್ಲಿ ಸ್ಪಷ್ಟತೆಯ ಆಳ ಒಂದೂವರೆ ಮಿಲಿಮೀಟರಿನಷ್ಟೂ ಇಲ್ಲ. ಉಂಗುರದ ಹರಳು ಚೂಪಾದರೆ ಬೆರಳಿನ ಉಗುರು ಮಂಜು. ಆದ್ದರಿಂದ ಸ್ಟ್ಯಾಂಡ್ ಬೇಕೇ ಬೇಕು. ಲೆನ್ಸಿನ ರಿಂಗ್ ತಿರುಗಿಸುತ್ತ ಕೂರಬೇಡಿ, ಇಡೀ ಕ್ಯಾಮೆರಾವನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಿ. ಅಗಲವಾಗಿ ತೆರೆದು ಫೋಕಸ್ ಮಾಡಿ, ಆಮೇಲೆ ಕೈಯಿಂದಲೇ ಅಪರ್ಚರ್ ಮುಚ್ಚಿ, ಅದು ತಾನಾಗಿ ಮುಚ್ಚಲ್ಲ. ಇನ್ನೊಂದು ಎಚ್ಚರ: ಹಿಂಬದಿ ಉದ್ದಕ್ಕೆ ಚಾಚಿದ ಅಗಲಕೋನದ ಲೆನ್ಸುಗಳನ್ನು ಡಬ್ಬಕ್ಕೆ ತುರುಕಬೇಡಿ, ಕನ್ನಡಿಗೆ ತಾಗೀತು.

ಹಾಗಾದ್ರೆ ಆ 'ಅರ್ಧ ಮುರಿದ' ಲೆನ್ಸು? ತಮ್ಮಾ, ಅದು ಮುರಿದದ್ದಲ್ಲ, ಹುಟ್ಟಿದ್ದೇ ಹಾಗೆ! 65 ಎಂಎಂ ಎಲ್ಮಾರ್ ಎಫ್-3.5, 1960ರಲ್ಲಿ ಈ ಡಬ್ಬಕ್ಕೆಂದೇ ಮಾಡಿದ ಲೆನ್ಸು. ಫೋಕಸ್ ರಿಂಗ್ ಅದರ ಮೈಮೇಲೆ ಇರಲ್ಲ, ಬೇರೆ ಕೊಳವೆಯಲ್ಲಿ ಇರುತ್ತೆ. ನಿನ್ನ ಬೀರುವಿನಲ್ಲಿ ಸಿಕ್ಕ ಕೊಳವೆ ಅದೇ ಇರಬೇಕು, ತಿರುಗಿಸಿ ನೋಡು, ಉದ್ದ ಆಗುತ್ತಾ ಅಂತ. ಲೆನ್ಸು, ಕೊಳವೆ, ಡಬ್ಬ, ಮೂರೂ ಸೇರಿದರೆ ದೂರದ ಬೆಟ್ಟವೂ ಸಿಗುತ್ತೆ, ಹತ್ತಿರದ ಹೂವೂ ಸಿಗುತ್ತೆ. ಒಂದನ್ನು ಬಿಡಿಸಿ ಕೊಟ್ಟೆಯೋ, ಉಳಿದೆರಡು ನಿಜಕ್ಕೂ ಗುಜರಿಯೇ. ಸುಮ್ಮನೆ ತಗೊಂಡು ಹೋಗ್ತೀನಿ ಅಂದವನಿಗೆ ಇದು ಗೊತ್ತಿತ್ತೋ ಇಲ್ಲವೋ, ನಿನಗಂತೂ ಈಗ ಗೊತ್ತಾಯಿತು.

ಮಾರುವ ಮುನ್ನ ಪರೀಕ್ಷೆ ಮಾಡು. ಟಾರ್ಚ್ ಬಿಟ್ಟು ಲೆನ್ಸಿನಲ್ಲಿ ಬೂಸ್ಟು ಇದೆಯಾ ನೋಡು. ಡಬ್ಬದ ಕನ್ನಡಿಯನ್ನು ಬಟ್ಟೆಯಿಂದ ಉಜ್ಜಲೇಬೇಡ. ಅದರ ಹೊಳೆಯುವ ಲೇಪ ಮನೆಗನ್ನಡಿಯಂತೆ ಹಿಂದೆ ಇರಲ್ಲ, ಮುಂದೆಯೇ ಇರುತ್ತೆ, ಗೀಚಿದರೆ ಕಥೆ ಮುಗೀತು. ಆಮೇಲೆ ಸ್ಕೂಲ್ ಸ್ಕೇಲನ್ನು ಓರೆಯಾಗಿ ನಿಲ್ಲಿಸಿ, 5 ಸೆಂಟಿಮೀಟರ್ ಗೆರೆಗೆ ಫೋಕಸ್ ಮಾಡಿ ತೆಗಿ. ಪ್ರಿಂಟಿನಲ್ಲಿ ಚೂಪಾಗಿ ಬಂದದ್ದು 5ರ ಗೆರೆಯೇ ಆದರೆ ಕನ್ನಡಿ ನೆಟ್ಟಗಿದೆ. ಬೇರೆ ಗೆರೆ ಬಂದರೆ ರಿಪೇರಿ ಬೇಕು.

ಸುಳ್ಳು ಆಸೆಯನ್ನೂ ಹುಟ್ಟಿಸಲ್ಲ. 1959ರಲ್ಲಿ ನಿಕಾನ್ ಎಫ್ ಬಂದಮೇಲೆ ಕನ್ನಡಿ ಒಳಗೇ ಇರುವ ಕ್ಯಾಮೆರಾಗಳು ಜಗತ್ತನ್ನೇ ಆಳಿದವು, ಡಬ್ಬದ ಗಿರಾಕಿ ಕಡಿಮೆಯಾದ. ಈಗಿನ ಮಿರರ್‌ಲೆಸ್ ಕ್ಯಾಮೆರಾದಲ್ಲಂತೂ ಕನ್ನಡಿಯೇ ಬೇಡ, ಸೆನ್ಸಾರ್ ಕಂಡದ್ದೇ ಪರದೆಯಲ್ಲಿ. ಲೈಕಾದವರು ಇಂದು ವಿಸೋಫ್ಲೆಕ್ಸ್ ಅಂತ ಕರೆಯೋದು ಎಲೆಕ್ಟ್ರಾನಿಕ್ ಫೈಂಡರನ್ನು. ಹಾಗಾಗಿ ಡಬ್ಬ ಮಾರಿ ಬಂಗಲೆ ಕಟ್ಟೋಕಾಗಲ್ಲ. ಬೆಲೆ ಇರೋದು ಮುಖ್ಯವಾಗಿ ಎಂ-3 ಮತ್ತು ಲೆನ್ಸಿಗೇ. ಆದರೂ ಪೂರ್ತಿ ಸೆಟ್ಟಿಗೆ ಹುಡುಕಿಕೊಂಡು ಬರುವ ಗಿರಾಕಿ ಬೇರೆ ಇರುತ್ತಾನೆ.

ನನ್ನ ಮಾತು ಇಷ್ಟೇ. ಕನಿಷ್ಠ ಮೂರು ಕಡೆ ಬೆಲೆ ಕೇಳು. ಪ್ರತಿಯೊಂದರ ನಂಬರ್ ಬರೆದಿಟ್ಟುಕೋ. ಕೊಟ್ಟರೆ ಎಲ್ಲ ಒಟ್ಟಿಗೆ ಕೊಡು, ರಸೀದಿ ತಗೋ. ಫೀಸಿನ ಗಡುವು ಹತ್ತಿರ ಇದ್ದರೆ ಮಾರೋದಕ್ಕೆ ನಾಚಿಕೆ ಬೇಡ, ತಂಗಿ ಓದಿದರೆ ನಿನ್ನ ಅಪ್ಪ ಬೇಡ ಅನ್ನಲಿಕ್ಕಿಲ್ಲ. ಆದರೆ ಮಾರುವ ಮೊದಲು ಒಂದು ರೋಲ್ ಹಾಕಿ ಅವರ ಕೈಗಡಿಯಾರವನ್ನೋ, ಪೆನ್ನನ್ನೋ ಚೌಕಟ್ಟು ತುಂಬ ತೆಗೆದಿಟ್ಟುಕೋ. ಆ ಪ್ರಿಂಟಿಗೆ ಯಾವ ದಲ್ಲಾಳಿಯೂ ಬೆಲೆ ಕಟ್ಟಲಾರ.

ಉಳಿದವರೂ ಬರೆಯಿರಿ. ನಿಮ್ಮ ಅಜ್ಜನ ಪೆಟ್ಟಿಗೆಯಲ್ಲಿ ಏನಿದೆಯೋ ಯಾರು ಬಲ್ಲರು! ಮುಂದಿನ ವಾರ ಮತ್ತೆ ಸಿಗೋಣ.