ನಾಲ್ಕು ಮೆಟ್ಟಿಲಿನ ಲೆಕ್ಕ

ನಮ್ಮ ಪ್ರಾರ್ಥನಾ ಮನೆಗೆ ನಾಲ್ಕು ಮೆಟ್ಟಿಲು. ಚಿಕ್ಕಂದಿನಿಂದ ಹತ್ತಿ ಇಳಿದಿದ್ದೇನೆ, ಆದರೆ ಎಣಿಸಿದ್ದು ಹೋದ ವರ್ಷವೇ. ಎಣಿಸುವ ಹಾಗೆ ಮಾಡಿದವನು ನನ್ನ ಚಿಕ್ಕಮ್ಮನ ಮಗ.

ಅವನಿಗೀಗ 23 ವರ್ಷ. ಹುಟ್ಟಿದಾಗಿನಿಂದ ಸೆರೆಬ್ರಲ್ ಪಾಲ್ಸಿ. ಕಾಲು ಬಿಗಿ, ಮಾತು ನಿಧಾನ, ಓಡಾಟಕ್ಕೆ ಗಾಲಿಕುರ್ಚಿ. ತಲೆ ಮಾತ್ರ ನನಗಿಂತ ಚುರುಕು. ಕ್ರಿಕೆಟ್ಟಿನ ಯಾವ ಪಂದ್ಯ ಕೇಳಿದರೂ ಯಾರು ಎಷ್ಟು ಹೊಡೆದರು ಅಂತ ಹೇಳ್ತಾನೆ. ಅವನಿರೋದು ರಟ್ಟೀಹಳ್ಳಿಯಲ್ಲಿ. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡ್ತೀನಿ, ತಿಂಗಳಿಗೊಮ್ಮೆ ಊರಿಗೆ ಬರ್ತೀನಿ. ಬಂದಾಗೆಲ್ಲ ಶನಿವಾರ ಸಂಜೆ ಯೌವನಸ್ಥರ ಕೂಟಕ್ಕೆ ಅವನನ್ನು ಕರೆದುಕೊಂಡು ಹೋಗೋದು ನನ್ನ ಪಾಲಿಗೆ ಬಂದ ಕೆಲಸ. ಮೆಟ್ಟಿಲ ಹತ್ತಿರ ಬಂದ ತಕ್ಷಣ ಅವನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹತ್ತಿಬಿಡ್ತಿದ್ದೆ. ನೋಡಿದವರು "ಎಂಥಾ ಅಣ್ಣ ನೋಡ್ರಿ" ಅನ್ನೋರು. ಸುಳ್ಳು ಯಾಕೆ ಹೇಳಲಿ, ಆ ಮಾತು ಕೇಳೋಕೆ ನನಗೂ ಖುಷಿ ಆಗ್ತಿತ್ತು.

ಹೋದ ವರ್ಷ ಅವನು ಬರೋದನ್ನೇ ನಿಲ್ಲಿಸಿಬಿಟ್ಟ. ಒಂದು ತಿಂಗಳು ಜ್ವರ ಅಂದ, ಇನ್ನೊಂದು ತಿಂಗಳು ಮ್ಯಾಚ್ ಇದೆ ಅಂದ. ಮೂರನೇ ಸಲ ಚಿಕ್ಕಮ್ಮನೇ ಬಾಯಿ ಬಿಟ್ಟರು: "ತಮ್ಮಾ, ಅವಂಗ ಜ್ವರಾನೂ ಇಲ್ಲ ಏನೂ ಇಲ್ಲ. ನೀನ ಕೇಳಿ ನೋಡು."

ಕೇಳಿದೆ. ಅವನು ಹೇಳಿ ಮುಗಿಸೋಕೆ ಸಮಯ ಹಿಡೀತು. ಹೇಳಿದ್ದು ಇಷ್ಟು: "ಅಣ್ಣಾ, ಅಲ್ಲಿ ನಾ ಪ್ರಾರ್ಥನಾ ಮಾಡಾಕ ಹೋಗೂದಿಲ್ಲ. ಪ್ರಾರ್ಥನಾಕ್ಕ ಒಂದು ವಿಷಯ ಆಗಾಕ ಹೋಗ್ತೇನಿ."

ಆಮೇಲೆ ವಿಷಯ ಒಂದೊಂದಾಗಿ ಹೊರಗೆ ಬಂತು. ಹೊರಗಿನಿಂದ ಬಂದ ಒಬ್ಬ ಬೋಧಕರು ಎಲ್ಲರ ಮುಂದೆ ಅವನ ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿ, "ಈಗ ಎದ್ದು ನಿಲ್ಲು" ಅಂದಿದ್ದರಂತೆ. ಇವನು ಪ್ರಯತ್ನಪಟ್ಟ, ಆಗಲಿಲ್ಲ. "ನಂಬಿಕೆ ಇನ್ನೂ ಬೆಳೀಬೇಕು" ಅಂತ ಹೇಳಿ ಅವರು ಮುಂದಿನವರ ಕಡೆ ಹೋದರು. ಅದಾದ ಮೇಲೆ ಕೂಟದಲ್ಲಿ ಯಾರು ಸಿಕ್ಕರೂ ಅವನ ಹೆಸರು ಕೇಳುವುದಕ್ಕೆ ಮುಂಚೆ ಅವನ ಕಾಲಿನ ವಿಷಯ ಕೇಳ್ತಿದ್ದರು. ಇಷ್ಟೆಲ್ಲ ಹೇಳಿ ಅವನು ಕೊನೆಗೆ ನನ್ನ ಕಡೆ ತಿರುಗಿದ: "ನೀನೂ ಅಷ್ಟ ಅಣ್ಣಾ. ನನ್ನ ಎತ್ತೂ ಮುಂಚೆ ಒಂದ್ಸಲನರ ಕೇಳಿದೇನು?"

ಕೇಳಿರಲಿಲ್ಲ. ಒಂದು ಸಲವೂ ಕೇಳಿರಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ನನ್ನ ಕೆಲಸದಲ್ಲಿ ಒಂದು ಸಣ್ಣ ಬಟನ್ ಬದಲಿಸಬೇಕಾದರೂ ಬಳಸೋರನ್ನು ಕೂರಿಸಿಕೊಂಡು ಕೇಳ್ತೀವಿ. ಇಪ್ಪತ್ತಮೂರು ವರ್ಷದ ಗಂಡಸನ್ನು ಮಗುವಿನ ಹಾಗೆ ಎತ್ತಿಕೊಳ್ಳುವಾಗ ಕೇಳಬೇಕು ಅಂತ ನನಗೆ ಹೊಳೆದೇ ಇರಲಿಲ್ಲ.

ನಮ್ಮ ಸಭೆಗಳಲ್ಲಿ ಅಂಗವಿಕಲರ ಮಾತು ಬಂದರೆ ಮಾರ್ಕನ ಸುವಾರ್ತೆಯ ಎರಡನೇ ಅಧ್ಯಾಯ ತೆಗೆಯುತ್ತೇವೆ. ಕಪೆರ್ನೌಮಿನಲ್ಲಿ ನಾಲ್ಕು ಜನ ಗೆಳೆಯರು ಪಾರ್ಶ್ವವಾಯು ರೋಗಿಯನ್ನು ಹಾಸಿಗೆ ಸಮೇತ ಹೊತ್ತು ತಂದು, ಬಾಗಿಲಲ್ಲಿ ಜನ ತುಂಬಿದ್ದಕ್ಕೆ ಮಾಳಿಗೆ ಬಿಚ್ಚಿ ಒಳಗೆ ಇಳಿಸಿದ ಪ್ರಸಂಗ. ನಾವು ಯಾವಾಗಲೂ ಅವನು ಎದ್ದು ನಡೆದದ್ದರ ಬಗ್ಗೆಯೇ ಮಾತಾಡ್ತೀವಿ. ವಾಸಿ ಮಾಡಿದ್ದು ಯೇಸುವಿನ ಕೆಲಸ. ಗೆಳೆಯರ ಕೆಲಸ ಯಾವುದಾಗಿತ್ತು? ಬಾಗಿಲು ಸಾಲದೇ ಹೋದಾಗ ಅವರು ರೋಗಿಯನ್ನು ಬೈಯಲಿಲ್ಲ, ಅವನ ನಂಬಿಕೆ ಅಳೆಯಲಿಲ್ಲ. ಕಟ್ಟಡವನ್ನೇ ಬಿಚ್ಚಿದರು. ನಮ್ಮ ಪಾಲಿನ ಕೆಲಸ ಅದು.

ಎರಡನೇ ಸಮುವೇಲನ ಒಂಬತ್ತನೇ ಅಧ್ಯಾಯದಲ್ಲಿ ಮೆಫೀಬೋಶೆತನ ಕಥೆ ಇದೆ. ಯೋನಾತಾನನ ಮಗ, ಎರಡೂ ಕಾಲು ಕುಂಟು. ದಾವೀದ ಅವನನ್ನು ಹುಡುಕಿಸಿ ಕರೆಸುತ್ತಾನೆ, ಸೌಲನ ಹೊಲ ಗದ್ದೆ ವಾಪಸ್ ಕೊಡುತ್ತಾನೆ, ದಿನಾ ತನ್ನ ಪಂಕ್ತಿಯಲ್ಲೇ ಊಟಕ್ಕೆ ಕೂರಿಸಿಕೊಳ್ಳುತ್ತಾನೆ. ಕಥೆ ಮುಗಿಯುವಾಗಲೂ ಅವನ ಕಾಲು ಕುಂಟಾಗಿಯೇ ಇರುತ್ತವೆ. ಆದರೂ ಅವನ ಎಲೆ ರಾಜನ ಪಂಕ್ತಿಯಲ್ಲೇ. ಈ ಅಧ್ಯಾಯದ ಮೇಲೆ ಯುವಕರ ಕೂಟದಲ್ಲಿ ನಾನು ಒಂದೂ ಸಂದೇಶ ಕೇಳಿಲ್ಲ.

ಇದು ನಮ್ಮ ಕಡೆಯವರಿಗೆ ಹೊಸ ಪಾಠವೇನೂ ಅಲ್ಲ. ನಮ್ಮ ಪಕ್ಕದ ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳಿಗೆ ಕಣ್ಣು ಕಾಣುತ್ತಿರಲಿಲ್ಲ. ಹಾನಗಲ್ಲಿನ ಕುಮಾರ ಸ್ವಾಮಿಗಳು ಆ ಹುಡುಗನನ್ನು ನೋಡಿ ಮರುಗಿ ಸುಮ್ಮನಾಗಲಿಲ್ಲ, ಸಂಗೀತ ಕಲಿಸಲು ವ್ಯವಸ್ಥೆ ಮಾಡಿದರು. ಮುಂದೆ ಅದೇ ಗವಾಯಿಗಳು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ, ಅನಾಥ ಮಕ್ಕಳಿಗೆ ಅನ್ನ, ಆಸರೆ, ಸಂಗೀತ ಕೊಟ್ಟರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ನಮ್ಮ ಹಾವೇರಿ ಜಿಲ್ಲೆಯ ದೇವಗಿರಿಯವರು, ಕೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡವರು. 1944ರಲ್ಲಿ ಗುರುಗಳು ತೀರಿಕೊಂಡ ಮೇಲೆ ಆಶ್ರಮ ನಡೆಸಿದ್ದು ಅವರೇ. 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಧರ್ಮ ಬೇರೆ ಇರಬಹುದು, ಕಲಿಯಬೇಕಾದ್ದು ಒಂದೇ. ಆಶ್ರಯ ಪಡೆಯಲು ಬಂದವರೇ ಅಲ್ಲಿ ಗುರುಗಳಾದರು. ನಮ್ಮ ಕೂಟಗಳು ಎಡವೋದು ಇಲ್ಲೇ. ನಾವು ವಿಕಲಚೇತನರಿಗೆ ಮುಂದಿನ ಸಾಲಿನಲ್ಲಿ ಜಾಗ ಕೊಡ್ತೀವಿ, ಕ್ರಿಸ್‌ಮಸ್ಸಿಗೆ ಬಟ್ಟೆ ಕೊಡ್ತೀವಿ. ಜವಾಬ್ದಾರಿ ಮಾತ್ರ ಕೊಡಲ್ಲ.

ಹೀಗೆಲ್ಲ ಯೋಚಿಸಿದ ಮೇಲೆ ಪಾಸ್ಟರ್ ಹತ್ತಿರ, ಕೂಟದ ಗೆಳೆಯರ ಹತ್ತಿರ ಮಾತಾಡಿದೆ. ನಾವೇ ತೀರ್ಮಾನ ಮಾಡಿಕೊಂಡು ಅವನಿಗೆ ಹೇಳೋದು ಬೇಡ, ಅವನ ಮನೆಗೇ ಹೋಗಿ ಕೇಳೋಣ ಅಂದ್ವಿ. ಐದು ಜನ ಹೋದ್ವಿ. ಚಿಕ್ಕಮ್ಮ ಚಹಾ, ಚುರುಮುರಿ ಕೊಟ್ಟರು. "ನೀನು ಬರಬೇಕಾದರೆ ಏನು ಬದಲಾಗಬೇಕು?" ಅಂತ ಕೇಳಿದ್ವಿ. ಅವನು ಮೂರು ವಿಷಯ ಹೇಳಿದ.

ಮೊದಲನೆಯದು ಮೆಟ್ಟಿಲು. ನಾನು ಟೇಪ್ ಹಿಡಿದು ಅಳೆದೆ. ಒಂದೊಂದು ಮೆಟ್ಟಿಲು ಆರು ಇಂಚು, ನಾಲ್ಕು ಸೇರಿದರೆ ಎರಡು ಅಡಿ. ಗಾಲಿಕುರ್ಚಿಯ ಇಳಿಜಾರಿಗೆ ಒಪ್ಪಿತ ಅಳತೆ ಒಂದಕ್ಕೆ ಹನ್ನೆರಡು, ಅಂದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಹಾಗಾಗಿ ನಮಗೆ 24 ಅಡಿ ಬೇಕು, ಬಾಗಿಲ ಮುಂದೆ ಇರೋದು 11 ಅಡಿ. ಎಷ್ಟೋ ಕಡೆ ಇಲ್ಲೇ ತಪ್ಪು ಮಾಡ್ತಾರೆ. ಇರೋ ಜಾಗದಲ್ಲೇ ಕಡಿದಾಗಿ ಸಿಮೆಂಟ್ ಬಳಿದು ರ‍್ಯಾಂಪ್ ಆಯ್ತು ಅಂತಾರೆ. ಅದರ ಮೇಲೆ ಕುರ್ಚಿ ತಳ್ಳಿದರೆ ಹಿಂದಕ್ಕೆ ಮಗುಚುತ್ತೆ. ನಮ್ಮಲ್ಲಿ ಪಕ್ಕದ ಗೋಡೆಗುಂಟ ತಿರುಗಿಸಿ ಕಟ್ಟಬೇಕು, ತಿರುವಿನಲ್ಲಿ ಐದಡಿ ಸಮತಟ್ಟು ಬಿಡಬೇಕು, ಬಾಗಿಲು ಕನಿಷ್ಠ 90 ಸೆಂಟಿಮೀಟರ್ ಅಗಲ ಇರಬೇಕು. ಅದಕ್ಕೆ ಹಣ ಇನ್ನೂ ಕೂಡಿಲ್ಲ. ಹಾಗಂತ ಕಾಯುತ್ತಾ ಕೂರಲಿಲ್ಲ. ಶನಿವಾರದ ಕೂಟವನ್ನು ಗೆಳೆಯರೊಬ್ಬರ ಮನೆಯ ಅಂಗಳಕ್ಕೆ ಬದಲಿಸಿದ್ವಿ. ಅಲ್ಲಿ ಮೆಟ್ಟಿಲಿಲ್ಲ, ಖರ್ಚೂ ಇಲ್ಲ. ಸೊಳ್ಳೆ ಸ್ವಲ್ಪ ಜಾಸ್ತಿ, ಅಷ್ಟೇ.

ಎರಡನೆಯದು ಪ್ರಾರ್ಥನೆ. "ನನಗಾಗಿ ಪ್ರಾರ್ಥನಾ ಮಾಡಬ್ಯಾಡ್ರಿ ಅನ್ನಂಗಿಲ್ಲ. ಯಾದಕ್ಕ ಮಾಡಬೇಕು ಅಂತ ನನ್ನ ಕೇಳ್ರಿ" ಅಂದ. ಮುಂದಿನ ವಾರ ಕೇಳಿದಾಗ ಅವನು ಕೊಟ್ಟ ವಿಷಯ ಕಾಲಿನದಲ್ಲ. ತಂಗಿಯ ಪರೀಕ್ಷೆಯದು. ಈಗ ನಮ್ಮ ಕೂಟದಲ್ಲಿ ಯಾರ ಮೇಲೂ ಅವರನ್ನು ಕೇಳದೇ ಕೈಯಿಡುವ ಹಾಗಿಲ್ಲ. ಹೊರಗಿನಿಂದ ಬರೋ ಬೋಧಕರಿಗೂ ಮೊದಲೇ ಹೇಳ್ತೀವಿ. ಯೋಹಾನನ ಒಂಬತ್ತನೇ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರು, ಇದು ಯಾರು ಮಾಡಿದ ಪಾಪ ಅಂತ ಕೇಳಿದಾಗ ಯೇಸು ಅವನದೂ ಅಲ್ಲ, ಅವನ ತಂದೆತಾಯಿಯದೂ ಅಲ್ಲ ಅಂದ. ಎರಡು ಸಾವಿರ ವರ್ಷದ ಹಿಂದೆ ಮುಗಿದ ಆ ಚರ್ಚೆಯನ್ನು ನಾವು ಇನ್ನೂ ತಾಯಂದಿರ ಮುಂದೆ ಎತ್ತುತ್ತಿದ್ದರೆ ಅದು ನಮ್ಮ ತಪ್ಪು.

ಮೂರನೆಯದನ್ನು ಅವನು ನಾಚಿಕೊಂಡು ಹೇಳಿದ: "ನನಗೂ ಏನಾರ ಕೆಲಸ ಕೊಡ್ರಿ."

ಏನು ಕೊಡೋದು ಅಂತ ನಾವು ಮುಖ ಮುಖ ನೋಡಿಕೊಂಡ್ವಿ. ಕೊನೆಗೆ ಅವನೇ ಆರಿಸಿಕೊಂಡ. ಕೂಟಕ್ಕೆ ಬಾರದವರಿಗೆ ಭಾನುವಾರ ಫೋನ್ ಮಾಡಿ ವಿಚಾರಿಸೋ ಕೆಲಸ. ನನಗೆ ಒಳಗೊಳಗೆ ಅನುಮಾನ ಇತ್ತು. ಅವನ ಮಾತು ನಿಧಾನ, ಫೋನಿನಲ್ಲಿ ಯಾರು ಕಾಯ್ತಾರೆ? ಆದರೆ ಜನ ಕಾಯ್ತಾರೆ ಕಣ್ರಿ. ಅವನು ಅವಸರ ಮಾಡಲ್ಲ, ಹಾಗಾಗಿ ಆ ಕಡೆಯವರೂ ಅವಸರ ಮಾಡಲ್ಲ. ಕೆಲಸ ಸಿಗದೆ ಮನೆ ಹಿಡಿದು ಕೂತಿದ್ದ ಒಬ್ಬ ಹುಡುಗ, ನಮಗೆ ಯಾರಿಗೂ ಹೇಳದ ವಿಷಯವನ್ನು ಇವನ ಹತ್ತಿರ ಹೇಳಿಕೊಂಡ. ಬಾರದೇ ಇದ್ದಾಗ ಯಾರೂ ಕೇಳದಿದ್ದರೆ ಹೇಗಿರುತ್ತೆ ಅನ್ನೋದು ನಮ್ಮೆಲ್ಲರಿಗಿಂತ ಚೆನ್ನಾಗಿ ಅವನಿಗೆ ಗೊತ್ತು.

ನನ್ನ ಕಸುಬಿಗೆ ಸಂಬಂಧಪಟ್ಟ ಒಂದು ಮಾತನ್ನೂ ಸೇರಿಸುತ್ತೇನೆ. ಕೂಟಗಳ ವಾಟ್ಸಾಪ್ ಗುಂಪಿನಲ್ಲಿ ಹಾಡಿನ ಪುಸ್ತಕದ ಫೋಟೋ ತೆಗೆದು ಹಾಕ್ತೀವಿ. ಕಣ್ಣು ಕಾಣದವರ ಫೋನಿನಲ್ಲಿ ಟಾಕ್‌ಬ್ಯಾಕ್ ಇರುತ್ತೆ, ಕಂಪ್ಯೂಟರಿನಲ್ಲಿ ಎನ್‌ವಿಡಿಎ ಅನ್ನೋ ಉಚಿತ ತಂತ್ರಾಂಶ ಇದೆ. ಇವು ಟೈಪ್ ಮಾಡಿದ ಕನ್ನಡವನ್ನು ಓದಿ ಹೇಳುತ್ತವೆ. ಫೋಟೋ ಹಾಕಿದರೆ ಅದರಲ್ಲಿ ಏನಿದೆ ಅಂತ ಅವರಿಗೆ ಸರಿಯಾಗಿ ತಿಳಿಯೋದು ಕಷ್ಟ. ಹಳೇ ನುಡಿ, ಬರಹ ಫಾಂಟಿನ ಕಡತಗಳೂ ಅಷ್ಟೇ, ಅರ್ಥವಿಲ್ಲದ ಅಕ್ಷರಗಳಾಗಿ ಕೇಳಿಸುತ್ತವೆ. ಯುನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಿ. ಹತ್ತು ನಿಮಿಷದ ಕೆಲಸ. ಯಾರಿಗೋ ಅದು ಜೊತೆಗೆ ಹಾಡುವುದಕ್ಕೂ ಸುಮ್ಮನೆ ಕೂರುವುದಕ್ಕೂ ಇರೋ ವ್ಯತ್ಯಾಸ.

ಕಹಿಯಾದರೂ ಹೇಳಲೇಬೇಕಾದ ಇನ್ನೊಂದು ವಿಷಯ ಇದೆ. ಬುದ್ಧಿಮಾಂದ್ಯತೆ ಇರೋರೂ ಇಲ್ಲದೋರೂ ಒಂದೇ ಮನೆಯಲ್ಲಿ ಕೂಡಿ ಬಾಳುವ ಲಾರ್ಶ್ ಅನ್ನೋ ಬಳಗ 1964ರಲ್ಲಿ ಫ್ರಾನ್ಸಿನಲ್ಲಿ ಶುರುವಾಯಿತು. ಬೆಂಗಳೂರಿನಲ್ಲಿ 1970ರಲ್ಲಿ ಆರಂಭವಾದ ಆಶಾ ನಿಕೇತನ ಅದೇ ಬಳಗದ್ದು. ಒಟ್ಟಿಗೆ ಅಡುಗೆ, ಒಟ್ಟಿಗೆ ಕೆಲಸ, ಒಟ್ಟಿಗೆ ಊಟ. ಅದರಿಂದ ಕಲಿಯೋದು ಬಹಳ ಇದೆ. ಆದರೆ ಆ ಬಳಗದ ಸ್ಥಾಪಕರೇ ಹಲವು ಮಹಿಳೆಯರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದರು ಅಂತ 2020ರಲ್ಲಿ ಸಂಸ್ಥೆಯೇ ತನಿಖೆ ಮಾಡಿಸಿ ಬಹಿರಂಗಪಡಿಸಿತು. ಇದರಿಂದ ನಾವು ಕಲಿತದ್ದು: ಒಳ್ಳೆಯವರು ಅನ್ನೋ ನಂಬಿಕೆ ಇದ್ದರೂ ನಿಯಮ ಬೇಕು. ಯಾರನ್ನಾದರೂ ಶೌಚಾಲಯಕ್ಕೆ ಕರೆದೊಯ್ಯುವಾಗ ಯಾರು ಹೋಗಬೇಕು ಅಂತ ಅವರೇ ಹೇಳಬೇಕು. ವಾಹನದಲ್ಲಿ ಕರೆತರುವಾಗ ಇಬ್ಬರು ಇರಬೇಕು. ಮನೆಯವರಿಗೆ ಎಲ್ಲಾ ಗೊತ್ತಿರಬೇಕು. ನಾವು ಇದನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿದ್ದೀವಿ.

ಎಲ್ಲಾ ಸರಿಹೋಯಿತು ಅಂತ ನೀವು ತಿಳಿಯಬಾರದು. ಕಿವಿ ಕೇಳದ ಒಬ್ಬ ಹುಡುಗಿ ಎರಡು ವಾರ ಬಂದು ನಿಲ್ಲಿಸಿದಳು. ನಾವು ನಗ್ತಿದ್ವಿ, ಅವಳಿಗೆ ಯಾಕೆ ಅಂತ ಗೊತ್ತಾಗ್ತಿರಲಿಲ್ಲ. ನಮ್ಮಲ್ಲಿ ಯಾರಿಗೂ ಸಂಜ್ಞಾ ಭಾಷೆ ಬರಲ್ಲ. ದೆಹಲಿಯಲ್ಲಿ 2015ರಲ್ಲಿ ಶುರುವಾದ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 10,000 ಪದಗಳ ನಿಘಂಟು ಮಾಡಿದೆ, ವಿಡಿಯೋಗಳು ಉಚಿತವಾಗಿ ಸಿಗುತ್ತವೆ. ಅದನ್ನು ನೋಡಿ ನಾವು ಮೂವರು ದಿನಕ್ಕೆ ಐದು ಪದ ಕಲಿಯೋಕೆ ಶುರು ಮಾಡಿದ್ದೀವಿ. ಅವಳ ಮನೆಗೆ ಹೋಗಿ ಮತ್ತೆ ಕರೆಯೋಕೆ ಇಷ್ಟು ಸಾಕಾ ಅಂತ ಗೊತ್ತಿಲ್ಲ. ಆದರೂ ಹೋಗ್ತೀವಿ.

"ನಮ್ಮ ಸಭೆಯಲ್ಲಿ ಅಂಥವರು ಯಾರೂ ಇಲ್ಲ" ಅಂತ ಹೇಳೋರಿಗೆ ಒಂದು ಲೆಕ್ಕ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದರು, ನೂರಕ್ಕೆ ಸುಮಾರು ಇಬ್ಬರು. ಎರಡು ಸಾವಿರ ಜನರ ಊರು ಅಂದರೆ ನಲವತ್ತು ಮಂದಿ. 2016ರ ಕಾಯ್ದೆ ಬಂದ ಮೇಲೆ ಗುರುತಿಸುವ ವಿಧಗಳೇ ಏಳರಿಂದ 21ಕ್ಕೆ ಏರಿವೆ. ಅವರು ಇಲ್ಲ ಅಂತಲ್ಲ, ಮನೆಯಲ್ಲಿದ್ದಾರೆ. ನಿಮ್ಮ ಗ್ರಾಮ ಪಂಚಾಯ್ತಿಯಲ್ಲಿ ವಿಕಲಚೇತನರಿಗಾಗಿಯೇ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಭೇಟಿ ಮಾಡಿ, ನಿಮ್ಮ ಕೂಟದ ಬಾಗಿಲು ತೆರೆದಿದೆ ಅಂತ ಆ ಮನೆಗಳಿಗೆ ತಿಳಿಸೋಕೆ ಕೇಳಿ. ಆದರೆ ಅದಕ್ಕೂ ಮುಂಚೆ ನಿಮ್ಮ ಮೆಟ್ಟಿಲು ಎಣಿಸಿ.

ಕಳೆದ ತಿಂಗಳು ಊರಿಗೆ ಹೋಗೋದು ನನಗೆ ಆಗಲಿಲ್ಲ, ಕೆಲಸದ ಒತ್ತಡ. ಭಾನುವಾರ ಮಧ್ಯಾಹ್ನ ಫೋನ್ ಬಂತು. ಆ ಕಡೆಯಿಂದ ನಿಧಾನವಾಗಿ, ಒಂದೊಂದೇ ಮಾತು: "ಅಣ್ಣಾ... ನಿನ್ನೆ ನೀ ಯಾಕ ಬರಲಿಲ್ಲ? ಆರಾಮ ಅದಿ ಇಲ್ಲೋ?"

ನಾನು ಕೆಲಸ ಬಿಟ್ಟು ಕುರ್ಚಿಗೆ ಒರಗಿ ಕೂತೆ. ಅವನು ಮಾತು ಮುಗಿಸೋ ತನಕ ಕಾದೆ.