ನಂಟರ ಗಣಕಯಂತ್ರವೂ ಅಚೌರ್ಯಾಣುವ್ರತವೂ

ಜೈನ ಗೃಹಸ್ಥನು ಸ್ಥೂಲವಾದ ಕಳ್ಳತನವನ್ನು ತ್ಯಜಿಸಿದವನು. ಬಿದ್ದ ವಸ್ತುವನ್ನು ಎತ್ತಿಕೊಳ್ಳಬಾರದು, ಯಾರೋ ಮರೆತುಹೋದುದನ್ನು ಇಟ್ಟುಕೊಳ್ಳಬಾರದು ಎಂಬಷ್ಟು ಸೂಕ್ಷ್ಮವಾಗಿ ಶ್ರಾವಕಾಚಾರ ಗ್ರಂಥಗಳು ಈ ವ್ರತವನ್ನು ವಿವರಿಸಿವೆ. ಅಂತಹ ವ್ರತವನ್ನು ತಲೆತಲಾಂತರದಿಂದ ನಡೆಸಿಕೊಂಡು ಬಂದ ಮನೆತನಗಳ ಪಡಸಾಲೆಯಲ್ಲಿಯೇ ಇಂದು ಭಾನುವಾರ ಬಂತೆಂದರೆ ಕಳ್ಳತನವೊಂದು, ಯಾವ ಸಂಕೋಚವೂ ಇಲ್ಲದೆ, ತಿಂಡಿ ಹಾಲಿನ ಉಪಚಾರದೊಂದಿಗೆ ನಡೆಯುತ್ತಿದೆ. ಅದಕ್ಕೆ ಸೇವೆಯೆಂಬ ಹೆಸರೂ ಇದೆ.

ಪ್ರತಿ ಬಂಧುವರ್ಗದಲ್ಲಿಯೂ ಗಣಕಯಂತ್ರ ಬಲ್ಲ ಹುಡುಗನೊಬ್ಬನಿರುತ್ತಾನೆ. ಸೋದರಮಾವನ ಯಂತ್ರ ನಿಧಾನವಾದರೂ ಅವನಿಗೇ ಕರೆ, ಚಿಕ್ಕಮ್ಮನ ಪ್ರಿಂಟರ್ ಕಾಗದ ಕಚ್ಚಿಕೊಂಡರೂ ಅವನಿಗೇ ಕರೆ. ಪರದೇಶದಲ್ಲಿರುವ ಮಗಳ ಮುಖ ತೆರೆಯ ಮೇಲೆ ಕಾಣುತ್ತದೆ, ಮಾತು ಮಾತ್ರ ಕೇಳಿಸದು ಎಂದು ವೃದ್ಧ ತಾಯಿ ಕಳವಳಪಟ್ಟಾಗ ಬಂದು ಧ್ವನಿಯನ್ನು ಸರಿಪಡಿಸಿ ಹೋಗುವವನೂ ಅವನೇ. ಸಡಿಲವಾದ ತಂತಿ, ತುಂಬಿಹೋದ ಡಿಸ್ಕ್, ಫ್ಯಾನಿಗೆ ಅಂಟಿದ ಧೂಳು, ಯಂತ್ರ ಆರಂಭವಾಗುವಾಗಲೇ ಎದ್ದು ಕೂರುವ ಬೇಡದ ತಂತ್ರಾಂಶಗಳು: ಮನೆಯ ಯಂತ್ರಗಳ ರೋಗಗಳಲ್ಲಿ ಬಹುಪಾಲು ಇಷ್ಟೇ. ಇವುಗಳನ್ನು ತಾಳ್ಮೆಯಿಂದ ಸರಿಪಡಿಸಿ, ಒಂದು ಪೈಸೆಯನ್ನೂ ಪಡೆಯದೆ ಹೋಗುವ ತರುಣನನ್ನು ಮೆಚ್ಚದಿರಲು ಸಾಧ್ಯವಿಲ್ಲ. ಮತ್ತೊಮ್ಮೆ ಹೀಗಾದರೆ ಏನು ಮಾಡಬೇಕೆಂದು ಮನೆಯವರಿಗೆ ಕಲಿಸಿಯೂ ಹೋದರೆ ಅದು ಜ್ಞಾನದಾನವೇ ಸರಿ. ಆಕ್ಷೇಪವಿರುವುದು ಅವನ ಜೇಬಿನಲ್ಲಿರುವ ಪೆನ್‌ಡ್ರೈವಿನ ಬಗ್ಗೆ.

ಅದರಲ್ಲಿ ಹಣ ಕೊಡದೆ ಪಡೆದ ವಿಂಡೋಸ್ ಇರುತ್ತದೆ, ಆಫೀಸ್ ಇರುತ್ತದೆ, ಆಮಂತ್ರಣ ಪತ್ರಿಕೆ ಮಾಡಲು ಫೋಟೋಶಾಪ್ ಇರುತ್ತದೆ. ರೋಗವೇನೆಂದು ಪೂರ್ತಿ ನೋಡುವ ಮೊದಲೇ "ಫಾರ್ಮ್ಯಾಟ್ ಮಾಡಿಬಿಡೋಣ ಮಾವ" ಎಂಬ ತೀರ್ಪು ಹೊರಬೀಳುತ್ತದೆ. ವಿಂಡೋಸ್ 8 ಬಂದ 2012ರಿಂದ ಈಚೆಗೆ ವಿಂಡೋಸ್ ಸಮೇತ ಮಾರಾಟವಾದ ಲ್ಯಾಪ್‌ಟಾಪುಗಳಲ್ಲಿ ಅದರ ಪರವಾನಗಿಯ ಕೀಲಿ ಸಾಮಾನ್ಯವಾಗಿ ಯಂತ್ರದೊಳಗಿನ ಚಿಪ್ಪಿನಲ್ಲಿಯೇ ಅಡಕವಾಗಿರುತ್ತದೆ. ಅದೇ ಆವೃತ್ತಿಯನ್ನು ಅಧಿಕೃತ ಮೂಲದಿಂದ ಪುನಃ ಸ್ಥಾಪಿಸಿದರೆ ಯಂತ್ರ ತಾನಾಗಿಯೇ ಆ ಕೀಲಿಯನ್ನು ಗುರುತಿಸುತ್ತದೆ. ಒಂದು ರೂಪಾಯಿಯೂ ಬೇಕಿಲ್ಲ. ಇದನ್ನು ತಿಳಿಯದೆ, ಅಥವಾ ತಿಳಿದೂ ಬೇಸರದಿಂದ, ಅದನ್ನು ಅಳಿಸಿ ಕದ್ದ ಪ್ರತಿಯೊಂದನ್ನು ತುಂಬಿದಾಗ, ಮಾವನವರು ಅಂಗಡಿಯಲ್ಲಿ ನ್ಯಾಯವಾಗಿ ಹಣ ಎಣಿಸಿ ತಂದ ವಸ್ತುವೇ ಕಳವಿನ ಮಾಲಾಗಿ ಪರಿಣಮಿಸುತ್ತದೆ. ಇಂತಹ ಉಪಕಾರವನ್ನು ವೈರಿಯೂ ಮಾಡಲಾರ.

ಇಷ್ಟಕ್ಕೇ ಮುಗಿಯುವುದಿಲ್ಲ. ಕದ್ದ ಪ್ರತಿಯ ಬೀಗ ಒಡೆಯಲು ಆಕ್ಟಿವೇಟರ್ ಎಂಬ ಇನ್ನೊಂದು ತಂತ್ರಾಂಶ ಬೇಕು. ದೊಡ್ಡ ಸಂಸ್ಥೆಗಳಲ್ಲಿ ಪರವಾನಗಿಯನ್ನು ದೃಢೀಕರಿಸುವ ಸರ್ವರಿನ ವೇಷವನ್ನು ಧರಿಸಿ ವಿಂಡೋಸಿಗೆ ಸುಳ್ಳು ಹೇಳುವುದೇ ಇಂತಹ ಹಲವು ತಂತ್ರಾಂಶಗಳ ಕಾರ್ಯ. ವೈರಸ್ ತಡೆಯುವ ಕಾವಲು ಇವನ್ನು ಕಂಡೊಡನೆ ತಡೆಯುವುದರಿಂದ ಹುಡುಗನು ಮೊದಲು ಆ ಕಾವಲನ್ನೇ ಆರಿಸುತ್ತಾನೆ. ಕಾವಲುಗಾರನನ್ನು ಮನೆಗೆ ಕಳುಹಿಸಿ, ಅಪರಿಚಿತನನ್ನು ಒಳಗೆ ಬಿಟ್ಟು, ಅನಂತರ ಅದೇ ಯಂತ್ರದಲ್ಲಿ ಬ್ಯಾಂಕಿನ ಪಾಸ್‌ವರ್ಡನ್ನು ಒತ್ತಲಾಗುತ್ತದೆ. ಇಂತಹ ಬೀಗಮುರುಕ ತಂತ್ರಾಂಶಗಳ ಹೊಟ್ಟೆಯಲ್ಲಿ ಮಾಹಿತಿ ಕದಿಯುವ ತಂತ್ರಾಂಶಗಳು ಅಡಗಿ ಬರುವುದು ಬಹುಕಾಲದಿಂದ ತಿಳಿದ ಸಂಗತಿ. ಆದರೆ ಅಪಾಯವಿದೆ ಎಂಬ ಕಾರಣಕ್ಕೆ ಕಳ್ಳತನ ಬಿಡುವುದು ವ್ರತವಲ್ಲ, ಹೆದರಿಕೆ. ಆದ್ದರಿಂದ ಆ ವಿಷಯವನ್ನು ಇಲ್ಲಿಗೆ ಬಿಡಬಹುದು.

ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ 5 ಅತಿಚಾರಗಳು ಹೇಳಲ್ಪಟ್ಟಿವೆ. ಆಚಾರ್ಯ ಉಮಾಸ್ವಾಮಿಗಳು ಇಂದಿನ ಪಡಸಾಲೆಯನ್ನೇ ಕಂಡು ಬರೆದರೋ ಎನ್ನುವಷ್ಟು ಅವು ಇಲ್ಲಿಗೆ ಹೊಂದುತ್ತವೆ. ಕದಿಯಲು ಇನ್ನೊಬ್ಬನನ್ನು ಪ್ರೇರೇಪಿಸುವುದು ಸ್ತೇನಪ್ರಯೋಗ: "ಹಣ ಯಾಕೆ ಕೊಡೋದು, ನಮ್ಮ ಅಳಿಯ ಬಂದರೆ ಹಾಕಿಕೊಡ್ತಾನೆ" ಎಂಬ ಮಾತು ಬೇರೇನೂ ಅಲ್ಲ. ಕದ್ದು ತಂದುದನ್ನು ಸ್ವೀಕರಿಸುವುದು ತದಾಹೃತಾದಾನ. ರಾಜ್ಯದ ನಿಯಮವನ್ನು ಮೀರುವುದು ಇನ್ನೊಂದು ಅತಿಚಾರ, ನಕಲಿಯನ್ನು ಅಸಲಿಯೆಂದು ನಡೆಸುವ ಪ್ರತಿರೂಪಕ ವ್ಯವಹಾರ ಮತ್ತೊಂದು. ಉಳಿದದ್ದು ಹೀನಾಧಿಕ ಮಾನೋನ್ಮಾನ, ಅಂದರೆ ತೂಕ ಅಳತೆಗಳ ಮೋಸ. ಜೈನ ವರ್ತಕನು ಈ ಕೊನೆಯದರ ವಿಷಯದಲ್ಲಿ ಬಹು ಎಚ್ಚರಿಕೆಯುಳ್ಳವನು. ತಕ್ಕಡಿಗೂ ಬೊಟ್ಟಿಗೂ ಕಾಲಕಾಲಕ್ಕೆ ಸರ್ಕಾರದ ಮುದ್ರೆ ಹಾಕಿಸುತ್ತಾನೆ, ಅದು ಅವನ ಹೆಮ್ಮೆ. ಅದೇ ಅಂಗಡಿಯ ಒಳಕೋಣೆಯಲ್ಲಿ ಬೆಂಗಳೂರಿನಲ್ಲಿಯೇ ರೂಪುಗೊಂಡ ಟ್ಯಾಲಿಯ ಕದ್ದ ಪ್ರತಿಯೊಂದರಲ್ಲಿ ಲೆಕ್ಕ ಬರೆಯಲಾಗುತ್ತಿದ್ದರೆ? ತಕ್ಕಡಿ ಶುದ್ಧ, ಖಾತೆಪುಸ್ತಕವೇ ಕಳವಿನದು!

ಪಾಪವು ಕೃತ, ಕಾರಿತ, ಅನುಮೋದನ ಎಂಬ ಮೂರು ಬಾಗಿಲುಗಳಿಂದ ಒಳಬರುತ್ತದೆಂಬುದು ಪಾಠಶಾಲೆಯ ಮಕ್ಕಳಿಗೂ ಗೊತ್ತು. ಹುಡುಗನು ಮಾಡಿದವನು, ಮಾವನು ಮಾಡಿಸಿದವನು, "ಭೇಷ್" ಎಂದ ಅಜ್ಜ ಅನುಮೋದಿಸಿದವನು. ಈ ಮೂವರಲ್ಲಿ ಎಲ್ಲರಿಗಿಂತ ಕಿರಿಯನ ತಲೆಗೆ ಮಾತ್ರ ದೋಷವನ್ನು ಕಟ್ಟುವುದು ಹಿರಿಯರಿಗೆ ಶೋಭಿಸದು.

ಕಾನೂನು ಸಹ ಈ ವಿಷಯದಲ್ಲಿ ಮೌನವಾಗಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರ ತಿದ್ದುಪಡಿಯಿಂದ ಸೇರಿದ 63ಬಿ ಪ್ರಕರಣದಂತೆ, ಅನಧಿಕೃತ ಪ್ರತಿಯೆಂದು ತಿಳಿದೂ ತಂತ್ರಾಂಶವನ್ನು ಗಣಕಯಂತ್ರದಲ್ಲಿ ಬಳಸುವವನಿಗೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ, 50,000 ರೂಪಾಯಿಗಳಿಂದ 2 ಲಕ್ಷದವರೆಗೆ ದಂಡ ಉಂಟು. ಲಾಭಕ್ಕಾಗಿ ಅಥವಾ ವ್ಯಾಪಾರದಲ್ಲಿ ಬಳಸದಿದ್ದರೆ ನ್ಯಾಯಾಲಯವು ಸೆರೆವಾಸವನ್ನು ಬಿಟ್ಟು 50,000ದವರೆಗಿನ ದಂಡಕ್ಕೆ ಇಳಿಸಬಹುದು. ಮನೆಗೆ ಇಷ್ಟು ರಿಯಾಯಿತಿ ದೊರೆತೀತು, ಅಂಗಡಿಗೆ ದೊರೆಯದು.

ಇದಕ್ಕೆ ಉತ್ತರವಾಗಿ ಕೇಳಿಬರುವ ವಾದಗಳಲ್ಲಿ ಕೆಲವು ತೀರ ಬಡಕಲಾದವು. ಕಂಪನಿ ಶ್ರೀಮಂತವಾದುದು ಎನ್ನುತ್ತಾರೆ. ಧನಿಕನ ಮನೆಯಲ್ಲಿ ಕದಿಯಬಹುದೆಂದು ಯಾವ ಆಗಮದಲ್ಲಿದೆ? ಪ್ರತಿ ಮಾಡಿದರೆ ಮೂಲ ಅಲ್ಲಿಯೇ ಉಳಿಯುತ್ತದಲ್ಲ, ಯಾರ ವಸ್ತು ಕಳೆಯಿತು ಎನ್ನುತ್ತಾರೆ. ಜಿನಾಗಮದಲ್ಲಿ ಕಳ್ಳತನದ ಲಕ್ಷಣ ಕಳೆದುಕೊಂಡವನ ನಷ್ಟದಲ್ಲಿಲ್ಲ. ಕೊಡದಿದ್ದುದನ್ನು ತೆಗೆದುಕೊಳ್ಳುವ ಕೈಯಲ್ಲಿದೆ.

ಆದರೆ ಓದಿಕೊಂಡ ತರುಣರು ಎತ್ತುವ ವಾದವೊಂದಿದೆ. ಅದನ್ನು ಹಗುರವಾಗಿ ತಳ್ಳಲಾಗದು. ಪ್ರತಿ ಮಾಡಿ ಹಂಚುವುದು ಈ ಧರ್ಮದಲ್ಲಿ ಮಹಾಪುಣ್ಯವಲ್ಲವೆ? ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು 1000 ಪ್ರತಿ ಮಾಡಿಸಿ ಹಂಚಲಿಲ್ಲವೆ? ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ಮೀಸಲಾಗಿದ್ದ ಧವಲದ ಓಲೆಗರಿಗಳು 20ನೆಯ ಶತಮಾನದ ಆರಂಭದಲ್ಲಿ ಗುಟ್ಟಾಗಿ ಪ್ರತಿಯಾಗಿ ಉತ್ತರ ಭಾರತಕ್ಕೆ ಸೇರದಿದ್ದರೆ, 1939ರಲ್ಲಿ ಅದರ ಮುದ್ರಣ ಆರಂಭವಾಗುತ್ತಿತ್ತೆ?

ಪ್ರಶ್ನೆ ಒಳ್ಳೆಯದು. ಅತ್ತಿಮಬ್ಬೆಯ ತಂದೆ ಮಲ್ಲಪ ಹಾಗೂ ಚಿಕ್ಕಪ್ಪ ಪುನ್ನಮಯ್ಯ ಸ್ವತಃ ಪೊನ್ನನಿಂದ ಬರೆಯಿಸಿದ ಕಾವ್ಯವದು. ಅದು ಅಳಿಯಬಾರದೆಂದು ಆಕೆ ಸ್ವಂತ ದ್ರವ್ಯದಿಂದ ಪ್ರತಿ ಮಾಡಿಸಿದಳು. ಅಲ್ಲಿ ಯಾರ ಕೂಲಿಯೂ ಮುಳುಗಲಿಲ್ಲ. ಧವಲವನ್ನು ರಚಿಸಿದ ವೀರಸೇನಾಚಾರ್ಯರಂತೂ ಪರಿಗ್ರಹವೇ ಇಲ್ಲದ ಮುನಿಗಳು; ಅದನ್ನು ಮಾರಿ ಬದುಕಿದವರಲ್ಲ. ಅಲ್ಲಿದ್ದ ವಿವಾದ ರಕ್ಷಕರ ಅನುಮತಿಯದು, ಕರ್ತೃವಿನ ಪ್ರತಿಫಲದ್ದಲ್ಲ. ಆ ಗುಟ್ಟಿನ ಔಚಿತ್ಯದ ಬಗ್ಗೆ ಇಂದಿಗೂ ಎರಡು ಮಾತಿರಬಹುದು. ತಂತ್ರಾಂಶ ಬರೆದವನಾದರೋ ಸಂಸಾರಿ. ಬೆಲೆ ಕಟ್ಟಿ, ಷರತ್ತು ಹೇಳಿ, ಮಾರಾಟಕ್ಕಿಟ್ಟಿದ್ದಾನೆ. ಜವಳಿ ಅಂಗಡಿಯಲ್ಲಿ ಗಜಕ್ಕೆ ಬೆಲೆ ಹೇಳಿದ ಮೇಲೆ ಕೊಳ್ಳುವುದುಂಟು, ಬಿಟ್ಟುಬರುವುದುಂಟು. ಮಡಿಚಿ ಕಂಕುಳಲ್ಲಿಟ್ಟು ಬರುವುದುಂಟೆ?

ಅತ್ತಿಮಬ್ಬೆಯ ಮಾರ್ಗವೇ ಬೇಕೆನ್ನುವವರಿಗೆ ಅದೂ ತೆರೆದಿದೆ. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಎಂಬ ಅಮೆರಿಕದ ತಂತ್ರಜ್ಞರು, ಯಾರು ಬೇಕಾದರೂ ಬಳಸಿ, ತಿದ್ದಿ, ಪ್ರತಿ ಮಾಡಿ ಹಂಚಬಹುದಾದ ತಂತ್ರಾಂಶಗಳ ಸಂಕಲ್ಪವನ್ನು ಸಾರಿದರು. ಆ ಪರಂಪರೆಯಿಂದ ಬೆಳೆದ ಲಿನಕ್ಸ್, ಅದೇ ತತ್ತ್ವದ ಲಿಬ್ರೆಆಫೀಸ್ ಮುಂತಾದವುಗಳನ್ನು ಬರೆದವರೇ ಪ್ರತಿ ಮಾಡಿರೆಂದು ಬರಹದಲ್ಲಿ ಅನುಮತಿ ಕೊಟ್ಟಿದ್ದಾರೆ. ಕನ್ನಡ ಗಣಕ ಪರಿಷತ್ತಿನ ನುಡಿಯೂ ಉಚಿತವಾಗಿಯೇ ದೊರೆಯುತ್ತದೆ. ಇವನ್ನು 1000 ಮನೆಗಳಿಗೆ ಹಂಚಲಿ, ತಡೆಯುವವರಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿದ ಮೇಲೆ, ವಿಂಡೋಸ್ 11ಕ್ಕೆ ಅರ್ಹವಲ್ಲದ ಎಷ್ಟೋ ಗಟ್ಟಿಮುಟ್ಟಾದ ಯಂತ್ರಗಳು ಮೂಲೆ ಸೇರುತ್ತಿವೆ. 4 ಜಿಬಿ ಸ್ಮೃತಿಯ ಹಳೆಯ ಯಂತ್ರದಲ್ಲಿಯೂ ಹಗುರವಾದ ಲಿನಕ್ಸ್ ಸರಾಗವಾಗಿ ನಡೆಯುತ್ತದೆ. ಪತ್ರ ಬರೆಯಲು, ಪ್ರವಚನ ಕೇಳಲು, ಮಗಳ ಮುಖ ನೋಡಲು ಅಷ್ಟು ಸಾಕು. ಮೊದಲ ವಾರ ಮಾವನವರು ಗೊಣಗುವುದು ಖಂಡಿತ. ಅದನ್ನು ಸಹಿಸಿ ಮತ್ತೆರಡು ಭಾನುವಾರ ಹೋಗಿ ಕಲಿಸಿಕೊಡುವುದೇ ಕಷ್ಟದ ಸೇವೆ. ಪೆನ್‌ಡ್ರೈವ್ ಚುಚ್ಚಿ ಅರ್ಧ ಗಂಟೆಯಲ್ಲಿ ಎದ್ದು ಬರುವುದು ಸುಲಭ. ಟ್ಯಾಲಿಯೇ ಬೇಕು, ಫೋಟೋಶಾಪೇ ಬೇಕು ಎನ್ನುವವರು ಬೆಲೆ ಕೊಟ್ಟು ಕೊಳ್ಳಲಿ. ಮದುವೆಯ ಊಟದ ಒಂದು ಪಂಕ್ತಿಯ ಖರ್ಚು ಅದಕ್ಕೆ ಹೆಚ್ಚಾಯಿತೆಂದು ವಾದಿಸುವವರ ಮಾತನ್ನು ಕೇಳಬೇಕಾದ ಅಗತ್ಯವಿಲ್ಲ.

ಬಸದಿಗಳ ಆಡಳಿತ ಮಂಡಳಿಗಳ ವಿಷಯ ಇದಕ್ಕಿಂತ ಗಂಭೀರವಾದುದು. ಅಭಿಷೇಕದ ಹಾಲಿಗೆ ರಸೀದಿಯಿದೆ, ದೀಪದ ಎಣ್ಣೆಗೆ ರಸೀದಿಯಿದೆ, ಹೂವಿನವನ ಕೈಬರಹದ ಚೀಟಿಯನ್ನೂ ಲೆಕ್ಕಪರಿಶೋಧಕರು ಕೇಳಿ ಪಡೆಯುತ್ತಾರೆ. ಪಂಚಕಲ್ಯಾಣದ ಪತ್ರಿಕೆ ಸಿದ್ಧವಾದ, ದಾನಿಗಳ ಹೆಸರು ತುಂಬಿದ ಗಣಕಯಂತ್ರದೊಳಗಿನ ತಂತ್ರಾಂಶಕ್ಕೆ ಮಾತ್ರ ರಸೀದಿಯಿಲ್ಲ, ಪರವಾನಗಿಯ ಪತ್ರವಿಲ್ಲ. "ಕಾರ್ಯದರ್ಶಿಗಳ ತಮ್ಮನ ಮಗ ಉಚಿತವಾಗಿ ಹಾಕಿಕೊಟ್ಟಿದ್ದಾನೆ" ಎಂಬ ಮೆಚ್ಚುಗೆಯ ಮಾತಿದೆ. ವಾರ್ಷಿಕ ಮಹಾಸಭೆಯಲ್ಲಿ ಯಾವನಾದರೊಬ್ಬ ಸದಸ್ಯ ಎದ್ದು ನಿಂತು ಆ ಪತ್ರವನ್ನು ತೋರಿಸಿರೆಂದು ಕೇಳಿದರೆ ಉತ್ತರ ಕೊಡಬೇಕಾದವರು ವೇದಿಕೆಯ ಮೇಲೆ ಕುಳಿತವರು. ಹಿಂದಿನ ಸಾಲಿನಲ್ಲಿ ಕುಳಿತ ಆ ಹುಡುಗನಲ್ಲ.